ಮೂವತ್ತೆರಡನೇ ಸಾಲಿನ ಎರಡು ಸೀಟು

ಟಾಲ್ಬಟ್ ವಿಶ್ವವಿದ್ಯಾಲಯದಿಂದ ಆ ಕಾಗದ ಬಂದದ್ದು ಫೆಬ್ರವರಿ ಮೊದಲ ವಾರ. ವರ್ಲನ್ ಟಿಡ್ಮೋರ್ ಕೆಲಸ ಮುಗಿಸಿ ಬಂದವನು ಬೂಟು ಬಿಚ್ಚುವ ಮುಂಚೆಯೇ ಲಕೋಟೆ ಒಡೆದ. ಮೂಲೆಯಲ್ಲಿ ಹೇಸರಗತ್ತೆಯ ತಲೆ ಅಚ್ಚಾಗಿತ್ತು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲಿನಲ್ಲಿ ಟಾಲ್ಬಟ್ ತಂಡದ ಗುರುತು ಅದು. ಪ್ರತಿವರ್ಷ ಇದೇ ಹೊತ್ತಿಗೆ ಆ ಕತ್ತೆ ಮುಂದಿನ ಸೀಸನ್ನಿನ ಟಿಕೆಟ್ ಅರ್ಜಿ ಹೊತ್ತುಕೊಂಡು ಮನೆಗೆ ಬರುತ್ತಿತ್ತು. ವರ್ಲನ್ ಅಡುಗೆಮನೆಯ ಮೇಜಿನ ಮೇಲೆಯೇ ಸಹಿ ಹಾಕಿ ಮಾರನೆಯ ದಿನ ಅಂಚೆಗೆ ಕೊಡುತ್ತಿದ್ದ. ಮೂವತ್ತೊಂದು ವರ್ಷ ಹೀಗೇ ನಡೆದಿತ್ತು.

ಈ ಸಲ ಅರ್ಜಿಯ ಜೊತೆಗೆ ಎರಡು ಪುಟದ ಒಕ್ಕಣೆಯಿತ್ತು. ಕ್ರೀಡಾಂಗಣ ದುರಸ್ತಿಯಾಗುತ್ತದೆ, ಸೀಟುಗಳನ್ನು ಹೊಸದಾಗಿ ಹಂಚಲಾಗುತ್ತದೆ. ಮೊದಲ ಆದ್ಯತೆ ಪದವೀಧರರಿಗೆ, ಆಮೇಲೆ ಹಳೆಯ ವಿದ್ಯಾರ್ಥಿಗಳಿಗೆ, ಆಮೇಲೆ ದಾನಿಗಳಿಗೆ, ಉಳಿದದ್ದು ಇತರೆಯವರಿಗೆ. ಅರ್ಜಿಯಲ್ಲಿ ವರ್ಲನ್‌ನ ಹೆಸರಿನ ಮುಂದೆ ಅವರೇ ಒಂದು ಪದ ಅಚ್ಚು ಹಾಕಿ ಕಳಿಸಿದ್ದರು: ಇತರೆ.

"ನೆಲ್ಡಾ, ನಾನು ಇತರೆಯಂತೆ ಕಣೇ," ಎಂದ.

ಅವನ ಹೆಂಡತಿ ಒಲೆಯ ಮುಂದೆ ನಿಂತು ಬಾಣಲೆಯಲ್ಲಿ ಬೆಂಡೆಕಾಯಿ ಹುರಿಯುತ್ತಿದ್ದಳು. "ಯಾರಿಗೆ?"

"ಟಾಲ್ಬಟ್‌ನವರಿಗೆ."

"ಅದು ನಿನಗೆ ಇವತ್ತು ಗೊತ್ತಾಯ್ತಾ?" ಎಂದಳು ನೆಲ್ಡಾ, ತಿರುಗಿ ನೋಡದೆ.

ವರ್ಲನ್‌ಗೆ ಆಗ ಐವತ್ತೊಂಬತ್ತು. ಕೌಂಟಿಯ ರಸ್ತೆ ಇಲಾಖೆಯಲ್ಲಿ ಗ್ರೇಡರ್ ಯಂತ್ರ ಓಡಿಸುತ್ತಿದ್ದ; ಉತ್ತರ ಅಲಬಾಮಾದ ಆ ಮೂಲೆಯಲ್ಲಿ ಅವನು ಸಮ ಮಾಡದ ಮಣ್ಣುರಸ್ತೆ ಇರಲಿಲ್ಲ. ಹೈಸ್ಕೂಲು ಮುಗಿದ ವಾರವೇ ಕೆಲಸಕ್ಕೆ ಸೇರಿದವನು. ಓದು ತಲೆಗೆ ಹತ್ತದೆ ಅಲ್ಲ, ಮುಂದೆ ಓದುತ್ತೀಯಾ ಎಂದು ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಕೇಳಿದವರೇ ಇರಲಿಲ್ಲ. ಆದರೆ ಟಾಲ್ಬಟ್ ಹುಚ್ಚು ಅದಕ್ಕೂ ಹಿಂದಿನದು. ಅವನಪ್ಪ ಮರ ಕೊಯ್ಯುವ ಮಿಲ್ಲಿನಲ್ಲಿದ್ದ. ವಾರವೆಲ್ಲ ಬಾಯಿಬಿಡದ ಮನುಷ್ಯ. ಶನಿವಾರ ಮಧ್ಯಾಹ್ನ ಟ್ರಕ್ಕಿನ ಎರಡೂ ಬಾಗಿಲು ತೆರೆದಿಟ್ಟು ರೇಡಿಯೋದಲ್ಲಿ ಆಟ ಕೇಳುತ್ತಿದ್ದ. ಟಾಲ್ಬಟ್ ಗೆದ್ದರೆ ಆ ಸಂಜೆ ಊಟದ ಹೊತ್ತಿಗೆ ಅಪ್ಪನ ಬಾಯಲ್ಲಿ ಮಾತು ಹುಟ್ಟುತ್ತಿತ್ತು, ಸೋತರೆ ಇಲ್ಲ. ವರ್ಲನ್ ಮತ್ತು ಅವನ ಅಣ್ಣ ರಾಯ್ಸ್ ಟ್ರಕ್ಕಿನ ಮೆಟ್ಟಿಲ ಮೇಲೆ ಕೂತು ಟಾಲ್ಬಟ್ ಗೆಲ್ಲಲಿ ಎಂದು ಪ್ರಾರ್ಥಿಸುತ್ತಿದ್ದದ್ದು ಆಟಕ್ಕಲ್ಲ, ಅಪ್ಪನ ಮಾತಿಗೆ. ಅಪ್ಪ ಒಮ್ಮೆಯೂ ಕ್ರೀಡಾಂಗಣ ನೋಡದೆ ಸತ್ತ. ಆ ವರ್ಷವೇ ಅಣ್ಣತಮ್ಮಂದಿರು ಉತ್ತರ ಭಾಗದ ಮೂವತ್ತೆರಡನೇ ಸಾಲಿನಲ್ಲಿ ಏಳು, ಎಂಟನೇ ಸೀಟು ಹಿಡಿದರು. ಎರಡು ಚಳಿಗಾಲದ ಹಿಂದೆ ರಾಯ್ಸ್ ಹೃದಯ ನಿಂತು ಹೋದ. ವರ್ಲನ್ ಎಂಟನೇ ಸೀಟನ್ನು ಬಿಡಲಿಲ್ಲ. ಅದರ ಮೇಲೆ ಕೋಟು ಮತ್ತು ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಇಟ್ಟುಕೊಂಡು ಒಬ್ಬನೇ ನೋಡುತ್ತಿದ್ದ.

ನೆಲ್ಡಾ ಒಂದು ಆಟವನ್ನೂ ನೋಡಿದವಳಲ್ಲ. ಮದುವೆಯಾಗಿ ಮೂವತ್ತಾರು ವರ್ಷ. ಶನಿವಾರ ಟೀವಿ ಹಚ್ಚಿದ ಕೂಡಲೇ ಕಾರಿನ ಬೀಗದಕೈ ತೆಗೆದುಕೊಂಡು ತಂಗಿಯ ಮನೆಗೆ ಹೋಗುವಳು. ವಿಚಿತ್ರವೆಂದರೆ ಈ ಗಂಡಹೆಂಡಿರಲ್ಲಿ ಟಾಲ್ಬಟ್‌ಗೆ ಹೋಗಿ ಓದಿದವಳು ಅವಳೇ. ಹದಿನೆಂಟನೇ ವಯಸ್ಸಿನಲ್ಲಿ ಸೇರಿ, ಮೂರು ತಿಂಗಳಿಗೆ ಬಿಟ್ಟು ಬಂದಿದ್ದಳು. ತಾಯಿಗೆ ಲಕ್ವ ಹೊಡೆದಿತ್ತು, ಅವಳ ಕೆಳಗೆ ಇನ್ನೂ ನಾಲ್ಕು ಮಕ್ಕಳಿದ್ದರು. ವರ್ಲನ್‌ಗೆ ತಿಳಿದದ್ದು ಇಷ್ಟೇ. ಹೆಚ್ಚು ಕೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಬ್ಯೂಫರ್ಡ್‌ನ ಟೈರ್ ಅಂಗಡಿಯಲ್ಲಿ ಕಾಫಿ ಕುಡಿಯುವಾಗ ವರ್ಲನ್ ಬಾಯಿ ತಪ್ಪಿ ಕಾಗದದ ಸುದ್ದಿ ಹೇಳಿಬಿಟ್ಟ. ಬ್ಯೂಫರ್ಡ್ ಎದುರಾಳಿ ತಂಡವಾದ ಮರ್ಸ್‌ಡೆನ್ ಕಡೆಯವನು. ಇನ್ನು ಕೇಳಬೇಕೆ?

"ಮೂವತ್ತೊಂದು ವರ್ಷ ಪ್ರೀತಿ ಮಾಡಿದ ಹುಡುಗಿ ಕೊನೆಗೆ ನಿನ್ನ ಹೆಸರು ಕೇಳಿದಂಗಾಯ್ತಲ್ಲೋ!" ಎಂದು ತೊಡೆ ತಟ್ಟಿ ನಕ್ಕ. "ಬಾರಪ್ಪಾ ಇತರೆ, ಕೂತ್ಕೋ. ಕಾಫಿಗೆ ಸಕ್ಕರೆ ಹಾಕ್ಲಾ ಇತರೆ?"

"ನೀನೇನು ಮರ್ಸ್‌ಡೆನ್‌ನಲ್ಲಿ ಓದಿ ಕಿಸಿದಿದ್ದೀಯಾ?"

"ನಾನು ಒಳಗೆ ಹೋಗಿದ್ದೀನಿ ಕಣೋ. ಒಂದು ಲೋಡ್ ಟೈರ್ ಇಳಿಸಿ ಬಂದೆ. ರಸೀದಿಗೆ ಅವರೇ ಸಹಿ ಹಾಕಿದ್ದಾರೆ. ನಿನ್ನ ಹತ್ರ ಅದೂ ಇಲ್ವಲ್ಲ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ವರ್ಲನ್ನೂ ನಕ್ಕ. ಆದರೆ ಗ್ರೇಡರ್ ಏರಿ ಕೂತ ಮೇಲೂ ಆ ಮಾತು ತಲೆಯಿಂದ ಇಳಿಯಲಿಲ್ಲ. ಮಧ್ಯಾಹ್ನ ರಸ್ತೆಬದಿಗೆ ಯಂತ್ರ ನಿಲ್ಲಿಸಿ ಟಿಕೆಟ್ ಕಚೇರಿಗೆ ಫೋನ್ ಮಾಡಿದ. ಎತ್ತಿದ ಹುಡುಗಿ ಬಹಳ ಮರ್ಯಾದಸ್ಥೆ.

"ಮೂವತ್ತೊಂದು ವರ್ಷ! ನಿಮ್ಮಂಥವರಿಂದಲೇ ನಮ್ಮ ತಂಡ ಸರ್," ಎಂದಳು. "ಆದ್ರೆ ಕಂಪ್ಯೂಟರ್ ವರ್ಷ ಎಣಿಸಲ್ಲ. ಇತರೆಯವರಿಗೆ ಮೇಲಿನ ಅಂತಸ್ತಿನ ಮೂಲೇಲಿ ಜಾಗ ಸಿಗಬಹುದು. ಕಂಬ ಸ್ವಲ್ಪ ಅಡ್ಡ ಬರತ್ತೆ."

"ಏನೂ ದಾರಿ ಇಲ್ವೇನಮ್ಮಾ?"

"ನಿಮ್ಮನೇಲಿ ಯಾರಾದ್ರೂ ಇಲ್ಲಿ ಓದಿದ್ದಾರಾ ಸರ್? ಹೆಂಡತಿ, ಮಕ್ಕಳು? ಪದವಿ ಮುಗಿಸಿರಬೇಕು ಅಂತೇನಿಲ್ಲ. ಒಂದು ಅವಧಿಗೆ ದಾಖಲಾಗಿದ್ರೂ ನಮ್ಮ ಲೆಕ್ಕದಲ್ಲಿ ಹಳೆ ವಿದ್ಯಾರ್ಥಿನೇ. ಅವರ ಹೆಸರಲ್ಲಿ ಅರ್ಜಿ ಹಾಕಿದ್ರೆ ನಿಮ್ಮ ಸೀಟು ನಿಮ್ಮ ಹತ್ರಾನೇ ಉಳಿಯತ್ತೆ."

ವರ್ಲನ್ ಫೋನ್ ಜೇಬಿಗಿಟ್ಟ. ಎದುರಿಗೆ ಅರ್ಧ ಸಮ ಮಾಡಿದ ರಸ್ತೆ ಬಿದ್ದಿತ್ತು.

ಅಷ್ಟು ವಿಷಯ ಹೆಂಡತಿಯ ಮುಂದೆ ಎತ್ತಲು ಅವನಿಗೆ ನಾಲ್ಕು ದಿನ ಹಿಡಿಯಿತು. ಐದನೇ ದಿನ ಊಟ ಮಾಡುವಾಗ, ಮೆಕ್ಕೆಜೋಳದ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, ಹವಾಮಾನದ ಮಾತೆಂಬಂತೆ ಹೇಳಿದ. "ಬರೀ ಒಂದು ಸಹಿ ಅಷ್ಟೇ. ನೀನು ಬರಬೇಕು ಅಂತಿಲ್ಲ, ನೋಡಬೇಕು ಅಂತಿಲ್ಲ."

"ಆಗಲ್ಲ," ಎಂದಳು ನೆಲ್ಡಾ.

"ಯಾಕೆ?"

"ಆಗಲ್ಲ ಅಂದೆ."

"ನಿನಗೇನು ಹೋಗತ್ತೆ ನೆಲ್ಡಾ? ನಮ್ಮ ಸೀಟು ಉಳಿಯತ್ತೆ. ನಾವು ಅಷ್ಟು ವರ್ಷದಿಂದ..."

ಅವಳು ಚಮಚ ತಟ್ಟೆಯಲ್ಲಿಟ್ಟಳು. "ನಾವು," ಎಂದಳು. "ಮೂವತ್ತಾರು ವರ್ಷದಿಂದ ಇದೇ ಕೇಳ್ತಿದ್ದೀನಿ. ನಾವು ಗೆದ್ವಿ, ನಾವು ಸೋತ್ವಿ, ನಮ್ಮ ಕ್ವಾರ್ಟರ್‌ಬ್ಯಾಕ್ ಹುಡುಗನಿಗೆ ಮಂಡಿ ನೋವು. ಯಾರಪ್ಪಾ ಈ ನಾವು? ಆ ಕಾಲೇಜಲ್ಲಿ ಇದ್ದೋಳು ನಾನು. ಮೂರು ತಿಂಗಳಲ್ಲಿ ಒಂದು ದಿನ, ಒಂದೇ ಒಂದು ದಿನ ನನ್ನ ಬಾಯಲ್ಲಿ ನಾವು ಅನ್ನೋ ಮಾತು ಬರಲಿಲ್ಲ. ನೀನು ಒಳಗೇ ಹೋಗದೆ ಹೇಗೆ ಅಂತೀಯಾ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ."

ವರ್ಲನ್ ಬೆಣ್ಣೆಯ ಚಾಕು ಕೆಳಗಿಟ್ಟ.

ಅವಳು ಮೊದಲ ಸಲ ಹೇಳಿದಳು. ಹಾಸ್ಟೆಲಿನ ಕೋಣೆಯಲ್ಲಿ ಅವಳ ಜೊತೆ ಬರ್ಮಿಂಗ್‌ಹ್ಯಾಮಿನ ಇಬ್ಬರು ಹುಡುಗಿಯರಿದ್ದರು. ಶನಿವಾರ ಆಟವಿದ್ದರೆ ಅವರನ್ನು ಹುಡುಗರು ಬಂದು ಕರೆದೊಯ್ಯುವರು, ಎದೆಗೆ ಅಂಗೈಯಗಲದ ಸೇವಂತಿಗೆ ಸಿಕ್ಕಿಸುವರು. ನೆಲ್ಡಾ ಕಿಟಕಿ ಮುಚ್ಚಿ ಸಸ್ಯಶಾಸ್ತ್ರದ ಪುಸ್ತಕ ಓದುವಳು. ಆ ಪಾಠ ಒಂದು ಅವಳಿಗೆ ಇಷ್ಟವಾಗಿತ್ತು. ನವೆಂಬರಿನಲ್ಲಿ ತಾಯಿಗೆ ಲಕ್ವ ಹೊಡೆದ ಸುದ್ದಿ ಬಂತು. ಅಪ್ಪ ಟ್ರಕ್ ತಂದ. ಅಪ್ಪನಿಗೆ ರಜೆ ಇದ್ದದ್ದು ಶನಿವಾರ. ಅವತ್ತೇ ದೊಡ್ಡ ಆಟ. ಪೊಲೀಸರು ರಸ್ತೆ ಮುಚ್ಚಿದ್ದರು. ಅಪ್ಪ ಟ್ರಕ್ಕನ್ನು ಒಂದು ಮೈಲಿ ಆಚೆ ನಿಲ್ಲಿಸಿಕೊಂಡು ಕಾಯುತ್ತಿದ್ದ.

"ಪೆಟ್ಟಿಗೆ ನಾನೇ ಹೊತ್ಕೊಂಡೆ," ಎಂದಳು ನೆಲ್ಡಾ. "ಊರಿಗೂರೇ ಕ್ರೀಡಾಂಗಣದ ಕಡೆ ಬರ್ತಿದೆ, ನಾನೊಬ್ಬಳು ಎದುರಿಗೆ ಹೋಗ್ತಿದ್ದೀನಿ. ಎಲ್ಲರ ಮೈಮೇಲೂ ತಂಡದ ಮರೂನ್ ಬಣ್ಣ. ಎಲ್ಲರ ಬಾಯಲ್ಲೂ ನಾವು ನಾವು ಅಂತ ಹಾಡು. ಒಬ್ಬ ನನ್ನ ಪೆಟ್ಟಿಗೆ ಮೇಲೆ ಬಿಯರ್ ಚೆಲ್ಲಿದ. ಇನ್ನೊಬ್ಬ, ಏಯ್ ಹುಡುಗಿ, ದಾರಿ ತಪ್ಪಿದ್ದೀಯಾ, ಆಟ ಈ ಕಡೆ ಇರೋದು ಅಂದ. ಅಷ್ಟು ಜನರಲ್ಲಿ ಒಬ್ಬರಿಗೂ ಪಕ್ಕಕ್ಕೆ ಸರಿದು ದಾರಿ ಬಿಡೋಕೆ ಆಗಲಿಲ್ಲ. ಒಂದು ಮೈಲಿ, ವರ್ಲನ್."

ವರ್ಲನ್‌ನ ತಲೆ ತನ್ನ ಪಾಡಿಗೆ ತಾನು ಕೆಲಸ ಮಾಡಿತು. "ಎಪ್ಪತ್ತೆರಡರ ನವೆಂಬರ್," ಎಂದ. "ಮರ್ಸ್‌ಡೆನ್ ಮೇಲಿನ ಆಟ. ಹದಿನೇಳು ಹದಿನಾಲ್ಕು..."

ಮಾತು ಬಾಯಿಂದ ಹೊರಬಿದ್ದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೆ ಗೊತ್ತಾಯಿತು. ನೆಲ್ಡಾ ಎದ್ದಳು. ತಟ್ಟೆ ತೊಳೆದಿಟ್ಟು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಜೋರಾಗಿ ಅಲ್ಲ, ಮೆತ್ತಗೆ. ಜೋರಾಗಿ ಹಾಕಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಮರುದಿನ ವರ್ಲನ್ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಆ ಅರ್ಜಿ ಕಿತ್ತು ಮೇಜಿನ ಡ್ರಾಯರಿಗೆ ಹಾಕಿದ. ಟಾಲ್ಬಟ್ ಮಾತನ್ನೇ ಎತ್ತಲಿಲ್ಲ. ಊಟದಲ್ಲಿ ರಸ್ತೆ, ಮಳೆ, ಮಗಳ ಫೋನು, ಅಷ್ಟೇ. ಬ್ಯೂಫರ್ಡ್‌ನ ಅಂಗಡಿಗೂ ಹೋಗಲಿಲ್ಲ. ಕಾಫಿಯನ್ನು ಫ್ಲಾಸ್ಕಿನಲ್ಲಿ ಒಯ್ಯತೊಡಗಿದ. ಅವನಿಗೆ ನಾಚಿಕೆಯಾಗಿತ್ತು. ಅವಳ ಮುಂದೆ ಅಂಕಿ ಒಪ್ಪಿಸಿದ್ದಕ್ಕಷ್ಟೇ ಅಲ್ಲ. ಎಪ್ಪತ್ತೆರಡರಲ್ಲಿ ಯಾರು ಎಷ್ಟು ಗಜ ಓಡಿದರೆಂದು ಬಲ್ಲವನಿಗೆ, ಅದೇ ದಿನ ಅದೇ ಊರಲ್ಲಿ ತನ್ನ ಹೆಂಡತಿ ಪೆಟ್ಟಿಗೆ ಹೊತ್ತು ನಡೆದದ್ದು ಗೊತ್ತಿರಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳೋ ಏನೋ. ಕೇಳಿರಲಿಲ್ಲ.

ಹತ್ತು ದಿನ ಹೀಗೇ ಕಳೆಯಿತು. ಹನ್ನೊಂದನೇ ದಿನ ಬೆಳಿಗ್ಗೆ ನೆಲ್ಡಾ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಳು.

"ಇವತ್ತು ರಜಾ ಹಾಕು," ಎಂದಳು. "ನನ್ನ ಹೆಸರು ಅಲ್ಲಿ ಇನ್ನೂ ಇದೆಯಾ ಇಲ್ವಾ ನೋಡ್ಬೇಕು."

"ಬೇಡ ಬಿಡು ನೆಲ್ಡಾ. ನಾನು ಅದರ ಆಸೆ ಬಿಟ್ಟಿದ್ದೀನಿ."

"ಅದೇ ತೊಂದರೆ ಆಗಿರೋದು. ಮನೇಲಿ ಯಾರೋ ಸತ್ತಂಗಿದೆ. ನೀನು ಹಾಳು ಕತ್ತೆ ವಿಷಯ ಮಾತಾಡಿದ್ರೆ ತಲೆನೋವು, ಮಾತಾಡದಿದ್ರೆ ಇನ್ನೂ ತಲೆನೋವು. ಕಾರು ತೆಗಿ."

ಎರಡು ಗಂಟೆಯ ದಾರಿ. ಅಷ್ಟು ವರ್ಷ ಆ ಊರಿಗೆ ಹೋಗಿಬಂದ ವರ್ಲನ್‌ಗೆ ಗೊತ್ತಿದ್ದದ್ದು ಹೆದ್ದಾರಿ, ವಾಹನ ನಿಲ್ಲಿಸುವ ಹುಲ್ಲುಗಾವಲು, ಕ್ರೀಡಾಂಗಣದ ಉತ್ತರದ ಗೇಟು. ಮಂಗಳವಾರದ ಕ್ಯಾಂಪಸ್ಸನ್ನು ಅವನು ನೋಡಿಯೇ ಇರಲಿಲ್ಲ. ಮಕ್ಕಳು ಚೀಲ ಹೊತ್ತು ಓಡುತ್ತಿದ್ದರು. ಅರ್ಧಕ್ಕರ್ಧ ಜನರ ಮೈಮೇಲೆ ಮರೂನ್ ಬಣ್ಣವೇ ಇರಲಿಲ್ಲ. ವರ್ಲನ್ ತನ್ನ ಕತ್ತೆ ಟೋಪಿ ಹಾಕಿಕೊಂಡು ಮದುವೆ ಮನೆಗೆ ತಪ್ಪಿ ಬಂದ ನೆಂಟನಂತೆ ನಡೆದ. ನೆಲ್ಡಾ ಯಾರನ್ನೂ ಕೇಳದೆ ಎಡಕ್ಕೆ ತಿರುಗಿ, ಕಲ್ಲಿನ ಮೆಟ್ಟಿಲಿಳಿದು, ಒಂದು ಇಟ್ಟಿಗೆ ಕಟ್ಟಡವನ್ನು ಬಳಸಿ, ದಾಖಲೆ ಕಚೇರಿಯ ಬಾಗಿಲಿಗೇ ಕರೆದುಕೊಂಡು ಹೋದಳು.

"ಹೇಗೆ ಗೊತ್ತು?"

"ಬಿಟ್ಟು ಹೋಗೋಕೆ ಇಲ್ಲೇ ಸಹಿ ಹಾಕಿಸ್ಕೊಂಡ್ರು," ಎಂದಳು.

ಗುಮಾಸ್ತೆ ಒಳಗೆ ಹೋಗಿ ಬಹಳ ಹೊತ್ತು ಹುಡುಕಿ, ಹಳೆಯ ಕಾರ್ಡೊಂದರ ನಕಲು ತಂದಳು. ಹೆಸರು, ಊರು, ನಾಲ್ಕು ಪಾಠಗಳು. ಮೂರರ ಮುಂದೆ "ಹಿಂದೆ ಸರಿದಿದ್ದಾರೆ" ಎಂದಿತ್ತು. ಸಸ್ಯಶಾಸ್ತ್ರದ ಮುಂದೆ "ಫೇಲ್".

"ಫೇಲಾ?" ಎಂದಳು ನೆಲ್ಡಾ. "ನಾನು ಪರೀಕ್ಷೆಗೇ ಕೂತಿಲ್ಲ."

ಗುಮಾಸ್ತೆ ಕಾರ್ಡನ್ನು ಬೆಳಕಿಗೆ ಹಿಡಿದಳು. "ನಿಮ್ಮ ಪ್ರೊಫೆಸರ್ ಅಪೂರ್ಣ ಅಂತ ಬರೆದಿದ್ದಾರೆ ಮ್ಯಾಮ್. ಅಂದ್ರೆ ನೀವು ವಾಪಸ್ ಬಂದು ಮುಗಿಸ್ತೀರಿ ಅಂತ ಜಾಗ ಇಟ್ಟಿದ್ದಾರೆ. ಒಂದು ವರ್ಷದೊಳಗೆ ಬರದಿದ್ರೆ ಅದು ತಾನಾಗೇ ಫೇಲ್ ಆಗತ್ತೆ. ಈಗ ಬದಲಾಯಿಸೋಕೆ ಆಗಲ್ಲ. ಕ್ಷಮಿಸಿ."

"ಹಾಗಾದ್ರೆ ನಾನು ಹಳೆ ವಿದ್ಯಾರ್ಥಿನಿ ಹೌದೋ ಅಲ್ವೋ?"

"ಹೌದು ಮ್ಯಾಮ್. ಫೇಲಾದ್ರೂ ಹೌದು."

ನೆಲ್ಡಾಳಿಗೆ ನಗು ಬಂತು. ಮೊದಲು ಮೂಗಿನಲ್ಲಿ ಸಣ್ಣಗೆ, ಆಮೇಲೆ ಕೌಂಟರ್ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. "ಕೇಳಿದ್ಯಾ ವರ್ಲನ್? ಮೂರು ತಿಂಗಳಿಗೆ ಓಡಿಹೋಗಿ ಫೇಲಾದೋಳು ಇವರ ಮನೆಮಗಳು. ಮೂವತ್ತೊಂದು ವರ್ಷ ಮಳೇಲಿ ನೆಂದೋನು ಹೊರಗಿನೋನು. ಎಂಥಾ ನ್ಯಾಯನಪ್ಪಾ!"

ವರ್ಲನ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೆಂಡತಿ ಟಾಲ್ಬಟ್ ನೆಲದ ಮೇಲೆ ನಿಂತು ನಗುತ್ತಿದ್ದಾಳೆ ಎಂಬುದಷ್ಟೇ ಗೊತ್ತಾಯಿತು. ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕೂತಾಗ ಅವಳು ಕೈಚೀಲದಿಂದ ಅರ್ಜಿ ತೆಗೆದಳು. ಮೇಜಿನ ಡ್ರಾಯರಿನಿಂದ ಯಾವಾಗಲೋ ಎತ್ತಿಟ್ಟುಕೊಂಡಿದ್ದಳು.

"ಸಹಿ ಹಾಕ್ತೀನಿ," ಎಂದಳು. "ಆದ್ರೆ ಸೀಟು ನನ್ನ ಹೆಸರಲ್ಲಿ ಅಂದ ಮೇಲೆ ಒಂದರಲ್ಲಿ ನಾನು ಕೂರ್ತೀನಿ. ರಾಯ್ಸ್ ಜಾಗದಲ್ಲಿ ನಿನ್ನ ಕೋಟು ಕೂತಿರೋದು ಸಾಕು. ಬೇಜಾರಾದ್ರೆ ಎದ್ದು ಹೋಗ್ತೀನಿ. ನೀನು ಮುಖ ಊದಿಸಬಾರದು."

"ಊದಿಸಲ್ಲ."

"ಆಟ ನಡೀವಾಗ ನನಗೆ ನಿಯಮ ಹೇಳಿಕೊಡೋಕೆ ಬರಬಾರದು."

ಇದು ಕಷ್ಟದ ಷರತ್ತು. ಆದರೂ ವರ್ಲನ್ ಒಪ್ಪಿದ.

ಸೆಪ್ಟೆಂಬರಿನಲ್ಲಿ ಸೀಸನ್ ಶುರುವಾಯಿತು. ಮೊದಲ ಆಟದಲ್ಲಿ ನೆಲ್ಡಾ ಎಂಟನೇ ಸೀಟಿನಲ್ಲಿ ಕೂತು ಕಡಲೆಕಾಯಿ ಸುಲಿದಳು, ಬಿಸಿಲಿಗೆ ಬೈದಳು, ವಾದ್ಯಮೇಳ ಬಂದಾಗ ಮಾತ್ರ ತಲೆಯೆತ್ತಿದಳು. ಹಿಂದಿನ ಸಾಲಿನ ದಪ್ಪ ಮನುಷ್ಯ, ಹೆಸರು ಸ್ಕಗ್ಸ್, ಇಪ್ಪತ್ತು ವರ್ಷದಿಂದ ವರ್ಲನ್‌ನ ಬೆನ್ನಿಗೆ ಮಂಡಿ ತಾಗಿಸಿ ಕೂರುವವನು, ಬಗ್ಗಿ ಕೇಳಿದ: "ಮ್ಯಾಮ್, ನೀವೂ ನಮ್ಮವರೇನಾ?"

"ನಾನು ಇಲ್ಲಿ ಫೇಲಾದವಳು," ಎಂದಳು ನೆಲ್ಡಾ. ಸ್ಕಗ್ಸ್‌ಗೆ ಅದು ಬಹಳ ಹಿಡಿಸಿತು. ಅವನು ಎರಡು ಸಲ ಫೇಲಾಗಿದ್ದನಂತೆ.

ಅರ್ಧ ಆಟಕ್ಕೆ ಅವಳು ಎದ್ದಳು. ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ. "ಸುತ್ತಾಡ್ಕೊಂಡು ಬಂದು ಕಾರಿನ ಹತ್ರ ಇರ್ತೀನಿ," ಎಂದು ಹೋದಳು. ಮಾತಿನಂತೆ ವರ್ಲನ್ ಮುಖ ಊದಿಸಲಿಲ್ಲ. ಆಟ ಮುಗಿಸಿ ಹೋದಾಗ ಅವಳು ಕಾರಿನ ಬಾನೆಟ್ಟಿಗೆ ಒರಗಿ ನಿಂತಿದ್ದಳು, ಕೈಯಲ್ಲಿ ನಾಲ್ಕೈದು ಎಲೆ. ವಿಜ್ಞಾನ ಕಟ್ಟಡದ ಹಿಂದೆ ಸಸ್ಯಗಳ ಗಾಜಿನ ಮನೆ ಇನ್ನೂ ಇದೆ ಎಂದಳು. ಎರಡನೇ ಆಟಕ್ಕೂ ಹಾಗೇ. ಅವತ್ತು ಅಲ್ಲಿನ ಉಸ್ತುವಾರಿ ಹೆಂಗಸು ಲೊರೆಟಾಳ ಪರಿಚಯವಾಯಿತಂತೆ. ಶನಿವಾರ ಕೆಲಸದವರು ಯಾರೂ ಬರುವುದಿಲ್ಲವಂತೆ, ನೀರು ಹಾಕಲು ಅವಳೊಬ್ಬಳೇ ಅಂತೆ.

ಆ ಊರಲ್ಲಿ ನಡೆದ ಮೂರನೆಯದು ಅಕ್ಟೋಬರಿನ ಕೊನೆಯ ಆಟ, ಮರ್ಸ್‌ಡೆನ್ ಮೇಲೆ. ಕೊನೆಯ, ನಾಲ್ಕನೇ ಭಾಗ ಬರುವ ಹೊತ್ತಿಗೆ ಟಾಲ್ಬಟ್ ಇಪ್ಪತ್ತು, ಮರ್ಸ್‌ಡೆನ್ ಇಪ್ಪತ್ತೊಂದು. ಯಾರೂ ಕೂತಿರಲಿಲ್ಲ. ಕಿಕ್ಕಿರಿದ ಜನದಿಂದ ಹೊರಬರಲು ತಡವಾಗುತ್ತದೆಂದು ಹೇಳಲು ವರ್ಲನ್, ಎಂದಿನಂತೆ ಅರ್ಧ ಆಟಕ್ಕೆ ಎದ್ದು ಹೋಗಿದ್ದ ನೆಲ್ಡಾಗೆ ಫೋನ್ ಮಾಡಿದ. ಎತ್ತಲಿಲ್ಲ. ಎರಡು ನಿಮಿಷ ಬಿಟ್ಟು ಮತ್ತೆ ಮಾಡಿದ. ಇಲ್ಲ. ಮೂರನೇ ಸಲವೂ ಇಲ್ಲ. ಅವಳು ಸಕ್ಕರೆ ಕಾಯಿಲೆಯವಳು, ಬೆಳಿಗ್ಗೆ ಸರಿಯಾಗಿ ತಿಂದೂ ಇರಲಿಲ್ಲ. ಕಡಲೆಕಾಯಿ ಪೊಟ್ಟಣ ಇವನ ಬಳಿಯೇ ಉಳಿದಿತ್ತು. ಅಂಕಣದಲ್ಲಿ ಟಾಲ್ಬಟ್ ಹುಡುಗರ ಕೈಯಲ್ಲಿ ಚೆಂಡು, ಗಡಿಯಾರದಲ್ಲಿ ಎರಡು ನಿಮಿಷ. ವರ್ಲನ್ ಪೊಟ್ಟಣ ಜೇಬಿಗೆ ತುರುಕಿದ.

"ಎಲ್ಲಿಗೆ?" ಎಂದ ಸ್ಕಗ್ಸ್, ಅಂಕಣದಿಂದ ಕಣ್ಣು ಕೀಳದೆ.

"ಹೊರಗೆ."

"ಈಗ್ಲಾ? ನಿನಗೆ ಹುಚ್ಚೇನೋ? ಇನ್ನು ಎರಡೇ ನಿಮಿಷ!"

"ಗೊತ್ತು. ದಾರಿ ಬಿಡಪ್ಪಾ."

ಗೇಟಿನವನೂ ಅದನ್ನೇ ಹೇಳಿದ: "ಸರ್, ಹೋದ್ರೆ ಮತ್ತೆ ಬಿಡಲ್ಲ. ಯೋಚನೆ ಮಾಡಿ." ವರ್ಲನ್ ಯೋಚನೆ ಮಾಡಲಿಲ್ಲ. ಮಾಡಿದ್ದರೆ ನಿಂತುಬಿಡುತ್ತಿದ್ದನೇನೋ. ತನ್ನ ಹಳೆಯ ಮಂಡಿ ನೋವನ್ನೂ ಮರೆತು ಹುಲ್ಲುಗಾವಲಿಗೆ ಓಡಿದ. ಕಾರಿಗೆ ಬೀಗ ಹಾಕಿತ್ತು. ಇನ್ನೊಮ್ಮೆ ಫೋನ್ ಮಾಡಿದಾಗ ಗಾಜಿನೊಳಗೆ, ಮುಂದಿನ ಸೀಟಿನ ಮೇಲೆ, ನೆಲ್ಡಾಳ ಫೋನ್ ಮಿಣಮಿಣ ಬೆಳಗಿತು. ಮರೆತು ಬಿಟ್ಟುಹೋಗಿದ್ದಳು. ಅರ್ಧ ಭಯ ಇಳಿಯಿತು, ಅರ್ಧ ಉಳಿಯಿತು. ವಿಜ್ಞಾನ ಕಟ್ಟಡದ ಫಲಕ ಹುಡುಕಿಕೊಂಡು ಹೊರಟ. ದಾರಿಯಲ್ಲಿ ನರಪಿಳ್ಳೆ ಇರಲಿಲ್ಲ. ಬೆನ್ನ ಹಿಂದೆ ಕ್ರೀಡಾಂಗಣ ಮೊರೆಯುತ್ತಿತ್ತು. ಅಷ್ಟು ವರ್ಷ ಆ ಮೊರೆತದ ಒಳಗೇ ಇದ್ದವನಿಗೆ ಅದು ಹೊರಗಿನಿಂದ ಹೀಗೆ ಕೇಳುತ್ತದೆಂದು ಗೊತ್ತಿರಲಿಲ್ಲ. ದೂರದ ಗೂಡ್ಸ್ ಗಾಡಿಯಂತಿತ್ತು.

ಗಾಜಿನ ಮನೆಯ ಬಾಗಿಲು ತೆರೆದೇ ಇತ್ತು. ನೆಲ್ಡಾ ಅಂಗಿಯ ತೋಳು ಮಡಚಿಕೊಂಡು, ಮೊಣಕೈವರೆಗೆ ಮಣ್ಣು ಮಾಡಿಕೊಂಡು, ಲೊರೆಟಾಳ ಜೊತೆ ನಿಂತು ಜರೀಗಿಡಗಳನ್ನು ಸಣ್ಣ ಕುಂಡದಿಂದ ದೊಡ್ಡ ಕುಂಡಕ್ಕೆ ಬದಲಿಸುತ್ತಿದ್ದಳು. ಏನೋ ಮಾತಾಡಿಕೊಂಡು ಇಬ್ಬರೂ ನಗುತ್ತಿದ್ದರು. ವರ್ಲನ್ ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಟ್ಟ.

"ಮುಗೀತಾ?" ಎಂದಳು ನೆಲ್ಡಾ.

ಅವನು ಉತ್ತರ ಕೊಡುವ ಮೊದಲೇ ಆ ಮೊರೆತ ನಿಂತಿತು. ಇಳಿಯಲಿಲ್ಲ, ಕಡಿದಂತೆ ನಿಂತಿತು. ವರ್ಲನ್ ತಲೆ ಓರೆ ಮಾಡಿ ಕೇಳಿದ.

"ಮುಗೀತು," ಎಂದ. "ಸೋತ್ವಿ."

"ಹೇಗೆ ಗೊತ್ತು?"

"ನಲವತ್ತು ಸಾವಿರ ಜನ ಸುಮ್ಮನಾದ್ರು. ಕೇಳಿಸಲಿಲ್ವಾ?"

"ಸುಮ್ಮನಾಗೋದು ಹೇಗೆ ಕೇಳಿಸತ್ತೋ ಮಾರಾಯ?" ಎಂದಳು ನೆಲ್ಡಾ. ಮರುಕ್ಷಣ ಕೈ ನಿಲ್ಲಿಸಿದಳು. "ತಡಿ. ಆಟ ಈಗ ಮುಗೀತು ಅಂದ್ರೆ, ನೀನು ಮಧ್ಯದಲ್ಲೇ ಎದ್ದು ಬಂದ್ಯಾ?"

"ನೀನು ಫೋನ್ ಎತ್ತಲಿಲ್ಲ."

"ಎಷ್ಟು ಹೊತ್ತಿನ ಆಟ ಉಳಿದಿತ್ತು?"

"ಎರಡು ನಿಮಿಷ."

"ಎಷ್ಟು ಎಷ್ಟು?"

"ಇಪ್ಪತ್ತು ಇಪ್ಪತ್ತೊಂದು. ಮರ್ಸ್‌ಡೆನ್ ಮೇಲೆ."

ಆಟದ ಗಂಧವಿಲ್ಲದಿದ್ದರೂ ಮೂವತ್ತಾರು ವರ್ಷ ಅವನ ಜೊತೆ ಬಾಳಿದವಳಿಗೆ ಅದರ ಬೆಲೆ ಗೊತ್ತಿತ್ತು. ಅವಳು ಏಪ್ರನ್ನಿನಲ್ಲಿ ಕೈ ಒರೆಸಿಕೊಂಡು ಬಂದು, ಅವನ ಟೋಪಿ ಸರಿಮಾಡಿ, ಕುತ್ತಿಗೆಯ ಬೆವರನ್ನು ತೋಳಿನಿಂದ ಒರೆಸಿದಳು. ಆಮೇಲೆ ಒಂದು ಜರೀಗಿಡದ ಕುಂಡ ಅವನ ಕೈಗೆ ಕೊಟ್ಟಳು. "ಹಿಡ್ಕೋ. ಇನ್ನು ನಾಲ್ಕು ಉಳಿದಿವೆ."

ವರ್ಲನ್ ಹಿಡಿದುಕೊಂಡು ನಿಂತ.

"ನೀವು ಟಾಲ್ಬಟ್‌ನಲ್ಲಿ ಯಾವ ವರ್ಷ ಓದಿದ್ದು ಸರ್?" ಎಂದಳು ಲೊರೆಟಾ, ಅವನ ಟೋಪಿ, ಅಂಗಿ, ಬೆಲ್ಟು ಎಲ್ಲದರ ಮೇಲೂ ಕತ್ತೆ ನೋಡಿ.

ಈ ಪ್ರಶ್ನೆಗೆ ಅವನು ವರ್ಷಗಟ್ಟಲೆ ಮಾತು ಹಾರಿಸಿಯೋ ಕೆಮ್ಮಿಯೋ ತಪ್ಪಿಸಿಕೊಂಡದ್ದುಂಟು. "ಓದಿಲ್ಲ ಮ್ಯಾಮ್," ಎಂದ. "ನಾನು ಆಟ ನೋಡೋಕೆ ಬರೋನು. ಓದಿದ್ದು ಇವಳು."

ನಾಲ್ಕೂ ಕುಂಡ ಮುಗಿಸಿ ಅವರು ಕಾರಿಗೆ ಬರುವ ಹೊತ್ತಿಗೆ ಜನ ಹೊರಗೆ ಬಂದಾಗಿತ್ತು. ಹುಲ್ಲುಗಾವಲಿನಿಂದ ಹೆದ್ದಾರಿಯವರೆಗೂ ಕಾರುಗಳು ಬಾಲ ಕಟ್ಟಿ ನಿಂತಿದ್ದವು. ನೆಲ್ಡಾ ಸ್ಟೀರಿಂಗ್ ಹಿಡಿದಳು. ವರ್ಲನ್‌ನ ಮಂಡಿ ಈಗ ತನ್ನ ನೋವನ್ನು ನೆನಪಿಸುತ್ತಿತ್ತು. ಪೊಟ್ಟಣ ಬಿಚ್ಚಿ ಕಡಲೆಕಾಯಿ ಸುಲಿದು ಅವಳ ಅಂಗೈಗೆ ಹಾಕುತ್ತಾ ಕೂತ. ರೇಡಿಯೋದವನು ಕೊನೆಯ ಕ್ಷಣಗಳನ್ನು ಮೂರನೇ ಸಲ ಹೇಳುತ್ತಿದ್ದ: ಹನ್ನೊಂದು ಸೆಕೆಂಡು ಉಳಿದಿತ್ತು, ಟಾಲ್ಬಟ್ ಹುಡುಗ ನಲವತ್ತೊಂದು ಗಜದಿಂದ ಒದ್ದ, ಚೆಂಡು ಗೋಲಿನ ಬಲಗಂಬದ ಆಚೆ ಹೋಯಿತು.

ನೆಲ್ಡಾ ಕಿವಿಗೊಟ್ಟು ಕೇಳಿದಳು. ಮುಂದಿನ ಕಾರು ಎರಡಡಿ ಸರಿದು ಮತ್ತೆ ನಿಂತಿತು.

"ಅಲ್ಲಿವರೆಗೆ ಕೈಯಲ್ಲಿ ಹಿಡ್ಕೊಂಡು ಓಡಿದವರು ಕೊನೇಲಿ ಯಾಕೆ ಒದ್ರು?" ಎಂದಳು. "ಇನ್ನೊಂದು ಸಲ ಓಡಬಹುದಿತ್ತಲ್ಲ?"

ವರ್ಲನ್ ಅವಳ ಮುಖ ನೋಡಿದ. ಷರತ್ತು ನೆನಪಾಯಿತು. "ಹೇಳ್ಲಾ?"

"ಕೇಳ್ತಿದ್ದೀನಲ್ಲ, ಹೇಳು."

ಅವನು ಸಿಪ್ಪೆಗಳನ್ನು ಡ್ಯಾಶ್‌ಬೋರ್ಡಿನ ಮೇಲೆ ಸಾಲಾಗಿ ಜೋಡಿಸಿ, ಇದು ಅವರ ಗಡಿ, ಇದು ನಮ್ಮ ಹುಡುಗ ಎಂದು ಶುರು ಮಾಡಿದ.